ಗಾಳಿ ಹಿಡಿದದ್ದು

ಶಬ್ದದಲ್ಲೇ ಗೊತ್ತಾಯಿತು.
ನೀರು ಸಿಕ್ಕ ಪಂಪು ಗುಂಯ್ ಅನ್ನುತ್ತದೆ, ಬಾಯಿ ತುಂಬಿದವರ ಹಾಗೆ.
ಇದು ಕಲ್ಲು ಜಗಿಯುತ್ತಿತ್ತು.
ಬೇಕಲದ ಕಡಲಂಚಿನ ಹೋಟೆಲು, ಬೆಳಗಿನ ಐದೂ ಇಪ್ಪತ್ತು,
ಈಜುಕೊಳದ ಮಗ್ಗುಲಲ್ಲಿ ನೆಲದೊಳಗಿನ ಕೋಣೆ,
ನಾನು, ಒಂದು ಟಾರ್ಚು, ಕ್ಲೋರಿನ್ನಿನ ಘಾಟು.
ಒತ್ತಡದ ಮುಳ್ಳು ಸೊನ್ನೆಯ ಮೇಲೆ ಮಲಗಿದೆ.
ಪಾರದರ್ಶಕ ಮುಚ್ಚಳದೊಳಗೆ ಅರ್ಧ ನೀರು,
ಅರ್ಧ ಏನೂ ಅಲ್ಲದ್ದು.

ಆ ಏನೂ ಅಲ್ಲದ್ದರದ್ದೇ ಉಪದ್ರ.

ಗಾಳಿ ಹಿಡಿದಿದೆ ಮಾರಾಯ, ಅಂದೆ.
ಮೊಗ್ರಾಲಿನ ಹೊಸ ಹುಡುಗ ಸಫ್ವಾನ್ ಬಾಗಿಲಲ್ಲೇ ನಿಂತ.
ಅವನ ಕನ್ನಡದಲ್ಲಿ ಗಾಳಿ ಹಿಡಿಯುವುದು
ನೆಂಟರ ಪೈಕಿ ಯಾರಾದರೊಬ್ಬರಿಗೆ.
"ಮಂತ್ರ ಮಾಡುವವರು ಬೇಕಾ ಅಕ್ಕ?"
ಬೇಡ. ಬಕೆಟು ತಾ.

ಸ್ವಿಚ್ಚು ಆರಿಸು. ವಾಲ್ವಿನ ಹಿಡಿ ಅಡ್ಡಕ್ಕೆ ನಿಲ್ಲಲಿ.
ಮುಚ್ಚಳ ಎಡಕ್ಕೆ. ಅದು ಹಟ ಮಾಡುತ್ತದೆ, ನೀನೂ ಮಾಡು.
ಬುಟ್ಟಿಯೊಳಗೆ ನಿನ್ನೆಯ ಅತಿಥಿಗಳು:
ಕೂದಲ ಉಂಡೆ, ಗಾಳಿಮರದ ಸೂಜಿಗಳು,
ಗಾಯಕ್ಕೆ ಅಂಟಿಸಿದ ಒಂದು ಪಟ್ಟಿ.
ತೊಳೆ. ಈಗ ಹೊಯ್ಯಿ, ಕಂಠದವರೆಗೆ.
ನೀರು ಎಳೆಯಬೇಕಾದದ್ದಕ್ಕೆ ಮೊದಲು ನೀರು ಕುಡಿಸಬೇಕು.
ಇದನ್ನು ಐಟಿಐಯಲ್ಲಿ ಪುಸ್ತಕ ನೋಡಿ ಹೇಳಿದರು;
ಪೈವಳಿಕೆಯಲ್ಲಿ ಬಟ್ಯಪ್ಪಣ್ಣ, ಗದ್ದೆಯ ಡೀಸೆಲ್ ಪಂಪಿನ ಪಕ್ಕ
ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ್ದರು:
"ಬರಿಹೊಟ್ಟೆಯವನಿಗೆ ಕೆಲಸ ಹೇಳಬಾರದು ಮಗಾ,
ಒಂದು ಚೆಂಬು ಕೊಟ್ಟು ಹೇಳು."

ಐದು ಬಕೆಟು ಹಿಡಿಯಿತು.
ಮುಳ್ಳು ಹತ್ತಕ್ಕೆ ಏರಿತು, ನಡುಗಿತು, ಮತ್ತೆ ಮಲಗಿತು.

ಹಾಗಾದರೆ ಇದು ಉಳಿದುಹೋದ ಗಾಳಿಯಲ್ಲ,
ಬರುತ್ತಲೇ ಇರುವ ಗಾಳಿ.
ನೀರು ಹೊರಗೆ ಸೋರಿದರೆ ನೆಲ ಹೇಳುತ್ತದೆ.
ಗಾಳಿ ಒಳಗೆ ಸೋರಿದರೆ ಯಾರು ಹೇಳಬೇಕು?

ಕುಂಬಳೆಯಿಂದ ಬಸ್ಸು ಚಂದ್ರಗಿರಿ ಸೇತುವೆ ಹತ್ತುವವರೆಗೆ
ನಾನು ಅಮ್ಮನ ಹತ್ತಿರ ಫೋನಿನಲ್ಲಿ.
ಹೊಳೆ ದಾಟಿದರೆ ನಾಲಗೆ ತಾನಾಗಿ ಮಲಯಾಳಕ್ಕೆ ತಿರುಗುತ್ತದೆ,
ಅದರಲ್ಲಿ ನಷ್ಟವೇನಿಲ್ಲ, ಸಂಬಳ ಆ ಕಡೆಯದ್ದು.
ಸಿಟ್ಟು ಮಾತ್ರ ಇನ್ನೂ ಈ ಕಡೆಯಿಂದಲೇ ಬರುತ್ತದೆ.
ಪಂಪಿಗೆ ಬೈದದ್ದನ್ನೆಲ್ಲ ಬರೆಯುವುದಿಲ್ಲ.

ಕೊನೆಗೆ ಊದುಬತ್ತಿ ಹಚ್ಚಿದೆ.
ಓಡುತ್ತಿರುವ ಪಂಪಿನ ಮುಂದೆ, ಪೈಪಿನ ಗುಂಟ, ಸಂದಿ ಸಂದಿಗೆ, ಮೆಲ್ಲ.
ಮ್ಯಾನೇಜರ್ ಪವಿತ್ರನ್ ನಾಯರ್ ಮೆಟ್ಟಿಲಿನಿಂದ ಬಗ್ಗಿದವರು
ಚಪ್ಪಲಿ ಕಳಚಿದರು.
ನಾನು ತಿದ್ದಲಿಲ್ಲ.
ಹೊಗೆ ನೆಟ್ಟಗೆ, ನೆಟ್ಟಗೆ, ನೆಟ್ಟಗೆ,
ವಾಲ್ವಿನ ಕೊರಳ ಹತ್ತಿರ ತಟ್ಟನೆ ಬಾಗಿ
ಒಂದು ಎಳೆ, ನೂಲಿಗಿಂತ ಸಪೂರ,
ಒಳಗೆ ಹೋಯಿತು,
ಗುರುತಿನ ಮನೆಗೆ ಹೋದ ಹಾಗೆ.

ಬಿಚ್ಚಿದರೆ ರಬ್ಬರಿನ ಬಳೆ, ಉಪ್ಪುಗಾಳಿಗೆ ಬಿರಿದದ್ದು.
ಬೆರಳಲ್ಲಿ ತಡವಿದರೂ ಸಿಗದ ಬಿರುಕು.
ಹೊಸತು ಹಾಕಿ, ಗ್ರೀಸು ಬಳಿದು, ಮತ್ತೆ ಬಕೆಟು,
ಫಿಲ್ಟರಿನ ನೆತ್ತಿಯ ತಿರುಪು ಸಡಿಲಿಸಿ
"ಹಾಕು ಸ್ವಿಚ್ಚು" ಅಂದೆ.

ಉಸ್ಸ್.
ಎಷ್ಟು ಹೊತ್ತು! ಬೇಸಗೆಯ ಬಸ್ಸಲ್ಲಿ
ಸೀಟು ಸಿಕ್ಕ ಹೆಂಗಸಿನ ಹಾಗೆ ಅದು ಉಸಿರು ಬಿಟ್ಟೇ ಬಿಟ್ಟಿತು.
ಕೆಮ್ಮಿತು. ಉಗುಳಿತು.
ಆಮೇಲೆ ನೀರಿನ ಒಂದು ಗೆರೆ, ನೇರ ನನ್ನ ಕಣ್ಣಿಗೆ.
ತಿರುಪು ಬಿಗಿದೆ. ಗುಂಯ್.

"ಅಕ್ಕ, ಅದು ಎಲ್ಲಿಗೆ ಹೋಯಿತು?"
ಸಫ್ವಾನ್ ಕೋಣೆಯ ಮೂಲೆ ನೋಡುತ್ತಿದ್ದ.
ನಾಯರು ಮೆಟ್ಟಿಲಿಂದಲೇ ಅಪ್ಪಣೆ ಕೊಟ್ಟರು:
ಇನ್ನು ಪ್ರತಿ ಶುಕ್ರವಾರ ಹಚ್ಚಬೇಕು,
ತಿಂಗಳಿಗೆ ಎರಡು ಕಟ್ಟು, ಹೋಟೆಲಿನ ಲೆಕ್ಕದಲ್ಲಿ.

ದಾಖಲೆ ಪುಸ್ತಕದ ಕೊನೆಯ ಮನೆಯಲ್ಲಿ ಕನ್ನಡದಲ್ಲಿ ಬರೆದೆ:
ಬಳೆ ಒಂದು. ಊದುಬತ್ತಿ ಒಂದು. ಗಾಳಿ ಬಿಟ್ಟಿತು.
ಅವರು ಓದದೆ ಸಹಿ ಹಾಕಿದರು,
ಕಾಲಲ್ಲಿ ಇನ್ನೂ ಚಪ್ಪಲಿಯಿಲ್ಲ.