ಹನ್ನೊಂದು ಮೀಟರು

ಮೂವತ್ತೊಂದು ವರ್ಷ ಚಮಚ ಒತ್ತುವ ಯಂತ್ರದ ಪಕ್ಕ ನಿಂತ ಕಿವಿ ನನ್ನದು.
ಹಿತ್ತಾಳೆ ಕಿವಿಯವರನ್ನು ನೀವು ಕಂಡಿರಬಹುದು,
ಇದು ಸ್ಟೀಲಿನದು. ಯಾರ ಚಾಡಿಯೂ ಇಳಿಯದು,
ಯಾರ ಪಿಸುಮಾತೂ.
ಅಂಬರಗುಬ್ಬಿಯ ಹೆಸರು ಹೊತ್ತ ಊರು ಈ ತ್ಸುಬಾಮೆ;
ಗುಬ್ಬಿ ಬಂದು ತಂತಿಯ ಮೇಲೆ ಕೂತರೆ
ಕೊಕ್ಕು ಆಡುವುದಷ್ಟೇ ನನಗೆ ಕಾಣುವುದು.

ಇಂಥವನು ಹೋಗಿ ಕೊಂಡದ್ದು
ಅರವತ್ತೈದನೇ ಇಸವಿಯ ಹೋಂಡಾ ಎಸ್ ಆರುನೂರು.
ಬೊಗಸೆಯಷ್ಟು ಕಾರು, ಅದಕ್ಕೆ ನಾಲ್ಕು ಕಾರ್ಬುರೇಟರು,
ಹಿಂದಿನ ಗಾಲಿಗಳಿಗೆ ಬೈಕಿನ ಹಾಗೆ ಚೈನು.
ಇತಾಕುರಾ ಸೆತ್ಸು ಎಂಬ ಎಂಬತ್ತರ ಮುದುಕಿ
ಕೊಟ್ಟಿಗೆ ಖಾಲಿಯಾದರೆ ಸಾಕೆಂದು ಕೊಟ್ಟದ್ದು.
ಭತ್ತ ಒಣಗಿಸುವ ಯಂತ್ರದ ಹಿಂದೆ ಟಾರ್ಪಾಲು ಹೊದ್ದು
ಮೂವತ್ತೆಂಟು ಚಳಿಗಾಲ ಮಲಗಿತ್ತು.
ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು
ಮಲಗುವ ಮೊದಲೇ ಹೊಟ್ಟೆಗೆ ಹೋಗಿ
ತಳವೆಲ್ಲ ಹಪ್ಪಳ.
ಸ್ಕ್ರೂಡ್ರೈವರು ಮುಟ್ಟಿಸಿದೆ,
ಆಚೆ ಬಂತು.

ಎರಡು ವರ್ಷ ಎಂಟು ತಿಂಗಳು.
ದುಡ್ಡಿನ ಲೆಕ್ಕ ಇಟ್ಟಿಲ್ಲ, ಇಟ್ಟರೆ ನಿದ್ದೆ ಹತ್ತದು.
ಪುಟ್ಟಿ ಕೆರೆದರೆ ತವರ, ತವರ ಕೆರೆದರೆ
ಯಾವನೋ ಎಡಗೈಯವನ ಸುತ್ತಿಗೆಯ ಗುರುತು.
ಬಾಗಿಲಿನ ರಬ್ಬರು ಹುಟ್ಟಿದ ದೇಶದಲ್ಲಿ ಸಿಗದೆ
ನೆದರ್ಲೆಂಡ್ಸಿನ ಒಬ್ಬ ಪುಣ್ಯಾತ್ಮ ಕಳಿಸಿದ.
ಚೈನಿನ ಪೆಟ್ಟಿಗೆ ಬಿಚ್ಚಿದಾಗ ಹಳೇ ಎಣ್ಣೆ
ಕಾಕಂಬಿಯ ಹಾಗೆ ಇಳಿಯಿತು, ಅವಸರವಿಲ್ಲದೆ,
ಅದರಡಿಯಲ್ಲಿ ಹಲ್ಲುಗಳು
ನಿನ್ನೆ ಮೂಡಿದವರಂತೆ.
ಆ ರಾತ್ರಿ ಊಟಕ್ಕೆ ಹೋಗಲಿಲ್ಲ.
ಮಸಾಯೊ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದಳು:
ಛಾವಣಿಯಿಲ್ಲದ ಕಾರಿಗೆ ಇಷ್ಟೆಲ್ಲ.
ಛಾವಣಿಯಿರುವ ಮನೆ ಸೋರುತ್ತಿದೆ.

ಎಂಜಿನ್ನು ಹತ್ತಿದ್ದು ನವೆಂಬರಿನಲ್ಲಿ.
ಹತ್ತಿತು, ನಡುಗಿತು, ಹೊಗೆ ಕಾರಿತು,
ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆದ ಮಂಚದ ಹಾಗೆ.
ನಾಲ್ಕೂ ಒಂದೇ ಉಸಿರು ಎಳೆಯಬೇಕು.
ಅದಕ್ಕೆ ಹಳೆಯ ಉಪಾಯ, ಮೊಳದುದ್ದ ರಬ್ಬರು ನಳಿಕೆ:
ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಒಂದು ಕಿವಿಗೆ;
ಉಸಿರಿನ ಸದ್ದು ಸಮವಾಗುವ ತನಕ
ಸ್ಕ್ರೂ ತಿರುಗಿಸುತ್ತ ಹೋಗುವುದು.
ನನ್ನ ಕಿವಿಗೆ ನಾಲ್ಕೂ ಸಮ.
ಎಂಜಿನ್ನು ಆರಿಸಿದಾಗಲೂ ಸಮ.

ಸೆತ್ಸು ಬಂದಳು, ಉಪ್ಪು ಹಾಕಿದ ಮೂಲಂಗಿ ಹಿಡಿದು.
ಮಾರಿದ್ದನ್ನು ತಿರುಗಿ ನೋಡಬಾರದಂತೆ, ಎಂದಳು
(ತುಟಿ ಓದಬಲ್ಲೆ), ನೋಡುತ್ತಲೇ ನಿಂತಳು.
ಆಮೇಲೆ ಕೇಳದೆ ಕೇಳದೆ ನನ್ನ ಕೈಯಿಂದ ನಳಿಕೆ ಕಸಿದು
ತಲೆಬಟ್ಟೆ ಸರಿಸಿ ಕಿವಿಗಿಟ್ಟಳು.
ಒಂದು. ಎರಡು. ಮೂರರ ಹತ್ತಿರ ನಿಂತು
ಲೋಟ ಎತ್ತುವ ಹಾಗೆ ಕೈ ಮಾಡಿದಳು:
ಇದಕ್ಕೆ ಬಾಯಾರಿದೆ.
ಕಾಲು ಸುತ್ತು ತಿರುಗಿಸಿದೆ. ಊಹೂಂ.
ಕೂದಲೆಳೆಯಷ್ಟು ಹಿಂದಕ್ಕೆ.
ಕಣ್ಣು ಮುಚ್ಚಿದಳು.

ಹೇಗೆ ಗೊತ್ತಾಯಿತು ಎಂದೆ. ಕಿರುಚಿದೆನೇನೋ.
ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಳು:
ಹತ್ತೊಂಬತ್ತು ವರ್ಷ ಎಡಗಡೆ ಕೂತವಳು ನಾನು.
ಸ್ಟೀರಿಂಗು ಮುಟ್ಟಿದರೆ ಅವರಿಗೆ ಮೈಮೇಲೆ ಬರುತ್ತಿತ್ತು.
ಕೈಗೆ ಕೆಲಸ ಕೊಡದಿದ್ದರೆ
ಕಿವಿ ಸುಮ್ಮನಿರುತ್ತದೆಯೆ?

ಅವಳಿಗೂ ಲೈಸೆನ್ಸಿತ್ತು, ತರಕಾರಿ ಟೆಂಪೋ ಓಡಿಸಿದ್ದು.
ಹೋದ ಏಪ್ರಿಲಿನಲ್ಲಿ ತಾನೇ ಪೊಲೀಸರಿಗೆ ಒಪ್ಪಿಸಿ
ಬದಲಿಗೆ ಬಸ್ಸಿನ ಕೂಪನ್ನು ತಂದಿದ್ದಾಳೆ.
ಹಾಗಾಗಿ ರಸ್ತೆಗಲ್ಲ.
ನನ್ನ ಶೆಡ್ಡಿನ ಅಂಗಳ, ಗೇಟಿನಿಂದ ಗೋಡೆಗೆ
ಹನ್ನೊಂದು ಮೀಟರು.
ಕೀಲಿಕೈ ಕೊಟ್ಟೆ.
ಮನೆಯೊಳಗೆ ಹೋಗುವವಳಂತೆ ಬೂಟು ಕಳಚಿಟ್ಟು
ಬಲಗಡೆ ಹತ್ತಿದಳು.

ಮುಂದೆ. ನಿಂತು. ರಿವರ್ಸು. ಮತ್ತೆ ಮುಂದೆ.
ಗೇರು ಕಿರ್ರೆಂದಿರಬೇಕು, ಹಲ್ಲು ಕಚ್ಚಿದಳು.
ಹಿಮ ಉದುರತೊಡಗಿತು, ಸೀಟಿನ ಮೇಲೆ, ಅವಳ ಕಾಲುಚೀಲದ ಮೇಲೆ,
ಬಟ್ಟೆಯ ಛಾವಣಿ ಎಳೆಯಬೇಕೆಂದು
ಇಬ್ಬರಿಗೂ ಹೊಳೆಯಲಿಲ್ಲ.
ಬಾನೆಟ್ಟಿನ ಮೇಲೆ ಅಂಗೈಯಿಟ್ಟು
ಜೊತೆಗೇ ನಡೆದೆ, ಹೋಗುತ್ತ ಬರುತ್ತ.
ಸದ್ದಲ್ಲ; ಮೊಣಕೈವರೆಗೆ ಏರಿದ ಬಿಸಿ ಜುಮ್ಮು,
ನಾಲ್ಕರದ್ದಲ್ಲ,
ಒಂದರದ್ದು.

ಎಷ್ಟು ಸಲ ಹೋಗಿಬಂದಳೋ ನಾನು ಎಣಿಸಲಿಲ್ಲ.
ಕಿಟಕಿಯಲ್ಲಿ ಮಸಾಯೊ ಎಣಿಸಿದ್ದಾಳೆ.
ಫ್ರಿಜ್ಜಿನ ಮೇಲೆ ಚೀಟಿ ಇದೆ:
ನಲವತ್ತಮೂರು.
ಮೂಲಂಗಿ ಚೆನ್ನಾಗಿದೆ.
ಮನೆ ಇನ್ನೂ ಸೋರುತ್ತಿದೆ.