ಎಲೆ ನೋಡುವವಳು

ಓಮ್ನಿಯ ಮೀಟರಿನಲ್ಲಿ ಕಿತ್ತಳೆ ದೀಪ ಹತ್ತಿ
ಎಂಟು ತಿಂಗಳು.
"ಕಣ್ಣು ಬಿಟ್ಕೊಂಡು ನೋಡುತ್ತೆ, ಆಗಲ್ಲ ನಂಗೆ" ಅಂತ
ಸರ್ವಮಂಗಳ ತನ್ನ ಹಣೆಯಿಂದಲೇ ಕಿತ್ತು
ಸ್ಟಿಕರ್ ಬೊಟ್ಟೊಂದನ್ನು ಗಾಜಿಗೆ ಒತ್ತಿದ್ದಳು.
ಆಮೇಲೆ ನಾನೂ ಮರೆತೆ.
ಗಾಡಿ ಮಾತ್ರ ಹಾರನಹಳ್ಳಿಗೆ ಹೋಗಿ ಬರುವಷ್ಟರಲ್ಲಿ
ಹೊಸ ಅಳಿಯ ತುಪ್ಪ ಕುಡಿದ ಹಾಗೆ ಪೆಟ್ರೋಲು ಕುಡಿಯಿತು.
ಹೊಗೆ ತಪಾಸಣೆಯ ಹುಡುಗ ಮೂಗು ಮುಚ್ಚಿ
"ಫೇಲ್ ಸಾರ್" ಅಂದ.

ಭಾನುವಾರ, ಪೆನ್ಷನ್ ಮೊಹಲ್ಲಾ. ಅಪರೂಪಕ್ಕೆ ಲಗ್ನವಿಲ್ಲ.
ಮುನಾವರ್ ಇಪ್ಪತ್ತೆರಡರ ಸೀಳು ಸ್ಪ್ಯಾನರ್ ಕೊಟ್ಟು
"ಬಿಸಿ ಇರುವಾಗಲೇ ತಿರುಗಿಸಿ ಯಜಮಾನ್ರೇ, ತಣ್ಣಗಾದ್ರೆ ಕಚ್ಕೊಳ್ಳುತ್ತೆ" ಅಂದಿದ್ದ.
ಹತ್ತು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿ,
ಜಾಕಿ ಏರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು,
ಬೆಲ್ಲದ ಪೆಟ್ಟಿಗೆಯ ರಟ್ಟು ಹಾಸಿ ಒಳಕ್ಕೆ ಜಾರಿದೆ.

ಕೆಳಗಿನಿಂದ ನೋಡಿದರೆ ಗಾಡಿ ಬೇರೆಯೇ.
ಹದಿನಾಲ್ಕು ವರ್ಷ ಕೊಳದಪ್ಪಲೆ ಹೊತ್ತ ಸುದ್ದಿ
ಮೇಲೆ ಯಾರಿಗೂ ಇಲ್ಲ. ಇಲ್ಲಿ ತುಕ್ಕು, ಸಾರಿನ ಕಲೆ,
ಯಾವುದೋ ಮದುವೆಯ ಒಣಗಿದ ಅಗುಳು.

ಹೊಗೆಕೊಳವೆಯ ಕೊರಳಲ್ಲಿ ಕೂತಿತ್ತು ಅದು, ಹೆಬ್ಬೆರಳಷ್ಟು.
ಅದರ ಕೆಲಸ ಮುನಾವರ್ ಎರಡು ಸಲ ಹೇಳಿದ್ದ, ತಲೆಗೆ ಹತ್ತಿರಲಿಲ್ಲ:
ಉರಿದು ಹೊರಬಂದ ಗಾಳಿಯಲ್ಲಿ
ಆಕ್ಸಿಜನ್ ಎಷ್ಟು ಮಿಕ್ಕಿದೆ, ಅಷ್ಟೇ ನೋಡೋದು,
ನೋಡಿದ್ದನ್ನ ಹೇಳೋದು.
ಪೆಟ್ರೋಲು ಬಡಿಸುವವರು ಬೇರೆ.
ಅಂಗಾತ ಮಲಗಿದಾಗ ಹತ್ತಿತು.

ಪಂಕ್ತಿ ಎದ್ದ ಮೇಲೆ ಸರ್ವಮಂಗಳ
ಎಲೆ ಎತ್ತುವ ಹುಡುಗರನ್ನು ತಡೆದು ನಿಲ್ಲುತ್ತಿದ್ದಳು.
ಎಲ್ಲಿ ಪಲ್ಯ ಮುಟ್ಟಿಲ್ಲ,
ಯಾರು ಹುಳಿಗೆ ಅನ್ನದ ಕಟ್ಟೆ ಕಟ್ಟಿ ಹಾಗೇ ಬಿಟ್ಟಿದ್ದಾರೆ,
ನೋಡಿ, ಒಲೆಯ ಹತ್ತಿರ ಬಂದು ನನ್ನ ಕಿವಿಗೆ
"ಖಾರ ಇಳಿಸಿ."
ಉಂಡವರು ಬಾಯಲ್ಲಿ ಏನಾದರೂ ಹೇಳಲಿ.

ಎಳೆದೆ. ಅಲ್ಲಾಡಲಿಲ್ಲ.
"ಕೊಬ್ಬರಿ ಎಣ್ಣೆ ತರ್ಲಾ?" ಹೊರಗಿನಿಂದ ಅವಳ ಪಾದಗಳು ಕೇಳಿದವು.
ಬೇಡ ಅಂದೆ.
ಇನ್ನೊಮ್ಮೆ ಎಳೆದು, ಗೆಣ್ಣು ಸುಲಿದುಕೊಂಡು, ತಾ ಅಂದೆ.
ಬಿಸಿಗೆ ಬಿದ್ದ ಎಣ್ಣೆ ಒಗ್ಗರಣೆಯ ಹಾಗೆ ಹೊಗೆಯೆದ್ದು
ಕೆಮ್ಮಿ ಕೆಮ್ಮಿ ಸಾಕಾಯಿತು.
ಠಕ್.
ಬಿಟ್ಟಿತು.

ತುದಿ ಪೂರ್ತಿ ಮಸಿ.
"ಸತ್ತಿಲ್ಲ ಅದು, ಸೋತಿದೆ" ಅಂದಿದ್ದ ಮುನಾವರ್,
"ಏನು ಬಂದ್ರೂ ಒಂದೇ ಉತ್ತರ ಕೊಡುತ್ತೆ."

ಅಲ್ಲೇ ಮಲಗಿ ಲೆಕ್ಕ ಹಾಕಿದೆ,
ಯಾವಾಗಿನಿಂದ ಅವಳು ಒಲೆಯ ಹತ್ತಿರ ಬಂದು
"ಚೆನ್ನಾಗಿದೆ" ಅಂತಷ್ಟೇ ಹೇಳಿ ಹೋಗುತ್ತಿರುವುದು?
ಆಲೂರಿನ ನಾಮಕರಣದಲ್ಲಿ, ಸಹಾಯಕರೆಲ್ಲ ನಿಂತಿರುವಾಗ,
"ಸೌಟು ಹಿಡಿದಿರೋದು ನೀನಾ ನಾನಾ?"
ಅಂದಿದ್ದೆನಲ್ಲ.

ಹೊಸದರ ಮರೆಗೆ ಗ್ರೀಸು, ತುದಿಗೆ ಬೆರಳೂ ತಾಗಬಾರದು.
ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಬಿಗಿದು,
ವಯರಿನ ಕ್ಲಿಪ್ಪು ಒತ್ತಿದೆ. ಹೊರಗೆ ಬಂದು
ಕೀ ತಿರುಗಿಸಿ ಬೊಟ್ಟು ಕಿತ್ತರೆ
ದೀಪ ಉರಿಯುತ್ತಲೇ ಇತ್ತು.

"ತಕ್ಷಣ ಆರಲ್ಲ" ಫೋನಿನಲ್ಲಿ ಮುನಾವರ್ ನಕ್ಕ.
"ನಾಲ್ಕು ದಿನ ಓಡಿಸಿ. ಅದಕ್ಕೆ ನಂಬಿಕೆ ಬರಬೇಕು."

ಅವತ್ತೇ ಕೇಳಿದೆ: ಹಾರನಹಳ್ಳಿ ಮದುವೆ ಹುಳಿ ಹೆಂಗಿತ್ತು?
"ಚೆನ್ನಾಗಿತ್ತು" ಅಂದಳು, ಕೈ ಒರೆಸಿಕೊಳ್ಳುತ್ತ.

ಬುಧವಾರ ದುದ್ದದ ದಾರಿಯಲ್ಲಿ,
ಹಿಂದೆ ಖಾಲಿ ಪಾತ್ರೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.
ದೀಪ ಇನ್ನೂ ಆರಿರಲಿಲ್ಲ.
ಕಿಟಕಿಯಾಚೆ ನೋಡುತ್ತ ಅವಳು
"ಉಪ್ಪು" ಅಂದಳು.
"ಎಂಬತ್ತು ಎಲೆ. ಎಣಿಸಿದ್ದೆ."