ಮೂವತ್ತೊಂದು

ಅಥಣಿ ರಸ್ತೆ. ತಿಕೋಟಾ ಇನ್ನೂ ಎರಡು ಕಿಲೋಮೀಟರು.
ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ನಾಲ್ಕು.
ಆರು ಕೋಣೆ ತುಂಬ ಪೆಟ್ಟಿಗೆ ಪೆಟ್ಟಿಗೆ ಒಣದ್ರಾಕ್ಷಿ
ಒಳ್ಳೆಯ ದರ ಬರುವ ತನಕ ಉಸಿರು ಹಿಡಿದು ಮಲಗಿದೆ.

ನನ್ನ ಕೆಲಸ ಆ ಥಂಡಿಯನ್ನು ಅಕ್ಷರ ಮಾಡುವುದು.
ನಿಮಿಷಕ್ಕೊಂದು ಸಾಲು: ಕೋಣೆ, ಹೊತ್ತು, ಡಿಗ್ರಿ.
ಹಳೆಯ ಕಂಪ್ಯೂಟರು, ಇಲಿ ಕಡಿದ ಮೌಸಿನ ವೈರು,
ಚಿತ್ರಗಿತ್ರ ಏನಿಲ್ಲ, ಬರೀ ಕರಿ ಪರದೆ,
ಮಳೆ ಬಿದ್ದ ಮರುದಿನದ ಎರೆಹೊಲ.

ಎರೆಯಲ್ಲಿ ಏನು ಬಿತ್ತಿದರೂ ಎದ್ದು ಕಾಣುತ್ತದೆಂದು
ಬಣ್ಣ ಬಿತ್ತಿದೆ.
ಎಸ್ಕೇಪು, ಚೌಕದ ಕಂಸ, ಮೂವತ್ತೆರಡು, ಎಮ್ಮು:
ಹಸಿರು, ಎಲ್ಲ ಆರಾಮ.
ಮೂವತ್ಮೂರು ಹಳದಿ, ಸ್ವಲ್ಪ ನೋಡಿಕೊಳ್ಳಿ.
ಮೂವತ್ತೊಂದು ಕೆಂಪು, ಓಡ್ರಿ.

ಮೊದಲ ದಿನ ಕೊನೆಯ ಸೊನ್ನೆ ಹಾಕಲು ಮರೆತೆ.
ಒಂದು ಸಾಲಿನ ಕೆಂಪು ಕೆಳಗೆಲ್ಲ ಹರಿದು
ದಿನಾಂಕ ಕೆಂಪು, ಗೆರೆ ಕೆಂಪು,
ನಾನು ಒತ್ತಿದ ನನ್ನದೇ ಹೆಸರು ಕೆಂಪು,
ಹೊಸ ಸೀರೆಯ ಜೊತೆ ನೆನೆಹಾಕಿದ ಬಿಳಿ ಬನಿಯನು.
ಸೊನ್ನೆ ಎಂದರೆ ಇಲ್ಲಿ 'ಸಾಕು' ಎಂದು ಅರ್ಥ.
ನಮ್ಮವ್ವನಿಗೂ ಅದು ಗೊತ್ತಿಲ್ಲ,
ಒಬ್ಬರ ಮೇಲಿನ ಸಿಟ್ಟು ಮನೆಮಂದಿಗೆಲ್ಲ.

ರಾತ್ರಿ ಪಾಳಿ ಲಾಲಸಾಬ ಕಾಕಾನದು.
ಮೊದಲು ಗ್ರೇಡಿಂಗ್ ಶೆಡ್ಡಿನಲ್ಲಿದ್ದವನು,
ಒಂದು ಕಾಳು ಬೆರಳಲ್ಲಿ ಒತ್ತಿ
ಒಳಗೆ ನೀರೆಷ್ಟು ಹೇಳುತ್ತಿದ್ದವನು.
ಹಸಿರು ಮಾಲು ಬೇರೆ ಮಾಡು, ಕೆಂಪಾದದ್ದು ಆರಿಸು ಅಂದಾಗ ಮಾತ್ರ
ಚಹಾ ತರಲು ಎದ್ದು ಹೋಗುತ್ತಿದ್ದನಂತೆ.
ಅವನಿಗೆ ಹೇಳಿದ್ದೆ:
ಅಂಕಿ ಓದೂದು ಬ್ಯಾಡ ಕಾಕಾ, ಬಣ್ಣ ನೋಡು, ಸಾಕು.

ಏಪ್ರಿಲ್ ಹದಿನೇಳು, ರಾತ್ರಿ ಒಂದೂವರೆ.
ಮೂರನೇ ಕೋಣೆಯ ಕಂಪ್ರೆಸರು ನಿಂತಿತು.
ಆರು. ಒಂಬತ್ತು. ಹದಿಮೂರು.
ಸಾಲಿನ ಕೆಳಗೆ ಸಾಲು ನನ್ನ ಕೆಂಪು ಕೂಗಿತು.
ಕಾಕಾ ಎದುರಿಗೇ ಕೂತಿದ್ದ,
ಕಣ್ಣು ಬಿಟ್ಟುಕೊಂಡು, ಎಚ್ಚರವಾಗಿ.

ಬೆಳಿಗ್ಗೆ ಸೋಮನಗೌಡರ ಸಿಟ್ಟಿಗೆ ಕೊನೆಯ ಸೊನ್ನೆ ಇರಲಿಲ್ಲ.
ಕಾರಕೂನ, ಹಮಾಲರು, ನಾನು, ಬಾಗಿಲ ಬೆಕ್ಕು.
ರಾತ್ರಿಯ ದಾಖಲೆ ಅಷ್ಟೂ ಪ್ರಿಂಟ್ ತೆಗಿ ಅಂದರು.
ಪ್ರಿಂಟರು ಕರಕರ ಹಲ್ಲು ಕಡಿಯಿತು.
ಬಣ್ಣ ಬರಲಿಲ್ಲ.
ಪರದೆ ನುಂಗಿಕೊಂಡು ತೋರಿಸದೇ ಇದ್ದದ್ದು ಬಂತು:
ಪ್ರತಿ ಸಾಲಿನ ತಲೆಗೆ ಒಂದು ಕಂಸ,
ಮೂವತ್ತೊಂದು, ಎಮ್ಮು.

ಕಾಕಾ ಹಾಳೆ ಎತ್ತಿಕೊಂಡ.
"ಇದೇನವಾ ಶಿವಲೀಲಾ, ಸಾಲಿಗೊಂದು ಮೂವತ್ತೊಂದು?"
"ಅದು ಕೆಂಪು, ಕಾಕಾ."
ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತ,
ಕಾಳು ಒತ್ತಿ ನೋಡುವ ಹಾಗೆ.
"ಐವತ್ತೆಂಟು ವರ್ಷಕ್ಕ ಇವತ್ತ ಕಂಡೆ ನೋಡು.
ನನಗ ಕಲ್ಲಂಗಡಿ ಒಳಗೂ ಹೊರಗೂ ಒಂದ.
ಹೆಸರಷ್ಟ ಲಾಲ."
ಆಮೇಲೆ ಕೇಳಿದ:
"ಕಂಪ್ಯೂಟರಿಗರೆ ಗೊತ್ತೈತೇನು, ಕೆಂಪು ಹೆಂಗಿರತೈತಿ?"
"ಇಲ್ಲ ಕಾಕಾ. ಅದಕ್ಕೂ ಬರೀ ನಂಬರು."
"ಹಂಗಾರ ಇಬ್ರೂ ಒಂದ ಸಾಲಿ ಕಲತವ್ರು," ಎಂದು
ನಗದೇ ಹೋದ, ಪೆಟ್ಟಿಗೆ ಇಳಿಸಲು.

ಆ ಸಂಜೆ ಕೂತು ಬದಲಾಯಿಸಿದೆ.
ಒಂದು ಅಂದರೆ ದಪ್ಪ, ನಾಲ್ಕು ಅಂದರೆ ಅಡಿಗೆರೆ,
ಏಳು ಅಂದರೆ ತಿರುವು-ಮುರುವು.
ಈಗ ಕೋಣೆ ಬಿಸಿಯಾದರೆ ಆ ಸಾಲು ಬೆಳ್ಳಗಾಗುತ್ತದೆ,
ಸುಣ್ಣದ ಗೋಡೆಗೆ ಇದ್ದಿಲಲ್ಲಿ ಬರೆದ ಹಾಗೆ ಅಕ್ಷರ ಕಪ್ಪು.
ಕಿರ್ರೆಂದು ಒಂದು ಗಂಟೆ.
ಕಾಕಾ ಎಲ್ಲ ನೋಡಿ, ಇಷ್ಟೇ ಕೇಳಿದ:
"ಆ ಮೂವತ್ತೊಂದನ್ನ ಮುಚ್ಚಬ್ಯಾಡ. ಕಾಣೂವಂಗ ಬರಿ."
ಬರೆದೆ. ಸಾಲಿನ ತಲೆಗೆ, ದಪ್ಪಗೆ.

ನಿನ್ನೆ ರಾತ್ರಿ ಎರಡಕ್ಕೆ ಫೋನು:
"ಐದನೇ ಕೋಣ್ಯಾಗ ಮೂವತ್ತೊಂದು ಬಂದೈತಿ.
ಮೆಕ್ಯಾನಿಕ್ಕನ್ನ ಎಬ್ಬಿಸೀನಿ.
ನೀ ಮಲಕ್ಕೋ."